ಕೊಳ್ಳುವುದೂ ಒಂದು ವಿದ್ಯೆ



ನೀವು ಸಂತೆಗೆ ಹೋಗುತ್ತೀರಿ. ಜೋಳ ಕೊಳ್ಳಬೇಕು. ಏನೇನು ಮಾಡುತ್ತೀರಿ?

ಮನೆಯಲ್ಲಿ ಎಷ್ಟು ಜೋಳ ಉಳಿದಿದೆ ಎಂದು ಮೊದಲು ನೋಡುತ್ತೀರಿ. ಎಷ್ಟು ಬೇಕು ಎಂದು ಲೆಕ್ಕ ಹಾಕುತ್ತೀರಿ. ಕೈಯಲ್ಲಿ ಇರುವ ರೊಕ್ಕ ಎಣಿಸುತ್ತೀರಿ. ಸಂತೆಯಲ್ಲಿ ನಾಲ್ಕು ಕಡೆ ದರ ಕೇಳುತ್ತೀರಿ. ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತೀರಿ. ತಕ್ಕಡಿಯ ಮೇಲೆ ಕಣ್ಣಿಡುತ್ತೀರಿ. ಆಮೇಲೆ ರೊಕ್ಕ ಕೊಡುತ್ತೀರಿ.

ಅಗ್ಗ ಎಂದು ಹುಳ ಬಿದ್ದ ಜೋಳ ತರುವುದಿಲ್ಲ. ಹೆಚ್ಚು ದರ ಕೊಟ್ಟು ಮೋಸ ಹೋಗುವುದೂ ಇಲ್ಲ. ಇದು ವಿದ್ಯೆ ಅಲ್ಲವೇ? ಈ ವಿದ್ಯೆಗೆ ಸರ್ಕಾರದಲ್ಲಿ ಸಂಬಳದ ಕೆಲಸ ಇದೆ. ಅದರ ವಿಷಯ ಈ ಪಾಠದಲ್ಲಿ ಓದೋಣ.

ಸರ್ಕಾರವೂ ಸಂತೆ ಮಾಡುತ್ತದೆ

ಶಾಲೆಗೆ ಬೆಂಚು ಬೇಕು. ಆಸ್ಪತ್ರೆಗೆ ಔಷಧಿ ಬೇಕು. ಬಸ್ಸಿಗೆ ಟೈರು ಬೇಕು. ಎಲ್ಲವನ್ನೂ ಸರ್ಕಾರ ಕೊಳ್ಳುತ್ತದೆ. ಆ ಹಣ ನಮ್ಮದು. ನಾವು ಸೋಪು ಕೊಂಡರೂ ತೆರಿಗೆ ಕಟ್ಟುತ್ತೇವೆ.

ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಕಾಯ್ದೆ ಇದೆ. ಅದರ ಹೆಸರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಹೆಸರು ಉದ್ದ. ಅರ್ಥ ಸುಲಭ. ಕದ್ದುಮುಚ್ಚಿ ಕೊಳ್ಳಬೇಡಿ, ಎಲ್ಲರಿಗೂ ತಿಳಿಯುವಂತೆ ಕೊಳ್ಳಿ ಎಂದು ಅರ್ಥ. ರೈಲ್ವೆ ಕೇಂದ್ರ ಸರ್ಕಾರದ್ದು. ಅದಕ್ಕೆ ಬೇರೆ ನಿಯಮಗಳಿವೆ. ಆದರೆ ಕೊಳ್ಳುವ ಹಾದಿ ಹೆಚ್ಚುಕಡಿಮೆ ಒಂದೇ:

1. ಏನು ಬೇಕು, ಎಷ್ಟು ಬೇಕು ಎಂದು ಬರೆಯುವುದು.
2. ಟೆಂಡರ್ ಕರೆಯುವುದು. ಅಂದರೆ, ದರ ಹೇಳಿ ಎಂದು ಎಲ್ಲರಿಗೂ ತಿಳಿಸುವುದು.
3. ಬಂದ ದರಗಳನ್ನು ಹೋಲಿಸಿ ನೋಡುವುದು.
4. ಒಳ್ಳೆಯ ಮಾಲು, ಕಡಿಮೆ ದರ ಕೊಡುವವರನ್ನು ಆರಿಸುವುದು.
5. ಬಂದ ಮಾಲನ್ನು ಎಣಿಸಿ, ತೂಗಿ, ಪರೀಕ್ಷಿಸುವುದು.
6. ಉಗ್ರಾಣದ ಪುಸ್ತಕದಲ್ಲಿ ಬರೆದು, ಬಿಲ್ಲು ಪಾಸು ಮಾಡುವುದು.

ಇದರಲ್ಲಿ ಐದನೆಯದು ಬಹಳ ಮುಖ್ಯ. ನೂರು ಚೀಲ ಸಿಮೆಂಟು ಬಂತು ಎಂದು ಪುಸ್ತಕದಲ್ಲಿ ಬರೆದರು ಅನ್ನಿ. ಬಂದದ್ದು ತೊಂಬತ್ತೇ ಚೀಲ. ಹತ್ತು ಚೀಲದ ರೊಕ್ಕ ಯಾರದು ಹೋಯಿತು? ನಮ್ಮದು. ಎಣಿಸದೆ ಸಹಿ ಮಾಡಿದವರು ಮುಂದೆ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಲೆಕ್ಕ ಬೇಕು. ಅಕ್ಷರ ಬೇಕು. ಗಟ್ಟಿ ಮನಸ್ಸೂ ಬೇಕು.

ಕುಷ್ಟಗಿಗೆ ರೈಲು ಬಂತು

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಇದು ಗದಗ–ವಾಡಿ ಹೊಸ ಮಾರ್ಗದ ಒಂದು ಭಾಗ. ಹುಬ್ಬಳ್ಳಿ ಮತ್ತು ಕುಷ್ಟಗಿಯ ನಡುವೆ ರೈಲು ಶುರುವಾಯಿತು. ಹಳಿ, ಬೋಲ್ಟು, ದೀಪ, ನಿಲ್ದಾಣದ ಕುರ್ಚಿ ಎಲ್ಲವನ್ನೂ ಕೊಂಡು ತರಬೇಕು. ರೈಲ್ವೆಯಲ್ಲಿ ಕೊಳ್ಳುವುದಕ್ಕೇ ಒಂದು ಇಲಾಖೆ ಇದೆ. ಅದಕ್ಕೆ ಸ್ಟೋರ್ಸ್ ಎನ್ನುತ್ತಾರೆ. ಕೊಳ್ಳುವುದು, ಇಡುವುದು, ಕೊಡುವುದು ಅದರ ಕೆಲಸ.

ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಅಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಾರೆ.

ಅಪ್ರೆಂಟಿಸ್ ಎಂದರೆ ಯಾರು?

ಕೆಲಸ ಮಾಡುತ್ತಾ ಕೆಲಸ ಕಲಿಯುವವರು ಅಪ್ರೆಂಟಿಸ್. ಕಮ್ಮಾರನ ಕುಲುಮೆಯಲ್ಲಿ ಹುಡುಗರು ತಿದಿ ಒತ್ತುತ್ತಾ ಕಲಿಯುತ್ತಿದ್ದರಲ್ಲ, ಹಾಗೆ. ಆದರೆ ಇಲ್ಲಿ ಕಾನೂನಿನ ರಕ್ಷಣೆ ಇದೆ. ಅದು 1961ರ ಅಪ್ರೆಂಟಿಸ್ ಕಾಯ್ದೆ. ಕಲಿಯುವಾಗ ಪ್ರತಿ ತಿಂಗಳು ಶಿಷ್ಯವೇತನ ಕೊಡಬೇಕು. ಕೊನೆಗೆ ಪರೀಕ್ಷೆ ಇರುತ್ತದೆ. ಪಾಸಾದರೆ ಪ್ರಮಾಣಪತ್ರ ಸಿಗುತ್ತದೆ.

'ಖರೀದಿ ಅಪ್ರೆಂಟಿಸ್' ಎಂಬ ಹೆಸರಿನ ಜಾಗಗಳು ಕಡಿಮೆ. ಕಂಪ್ಯೂಟರ್ ಮತ್ತು ಕಚೇರಿ ಕೆಲಸ ಕಲಿಯುವ ಜಾಗಗಳು ಇವೆ. ಈಗ ಟೆಂಡರ್ ನಡೆಯುವುದು ಕಂಪ್ಯೂಟರಿನಲ್ಲೇ. ಹತ್ತನೇ ತರಗತಿ ಪಾಸಾದ ಹುಡುಗಿ ಐಟಿಐ ಸೇರಿ 'ಕೋಪಾ' ಓದಬಹುದು. ಇದು ಒಂದು ವರ್ಷದ ಕಂಪ್ಯೂಟರ್ ಶಿಕ್ಷಣ. ಆಮೇಲೆ ಅಪ್ರೆಂಟಿಸ್ ಆಗಿ ಸೇರಲು ಅರ್ಜಿ ಹಾಕಬಹುದು.

ರೈಲ್ವೆ ಅಪ್ರೆಂಟಿಸ್‌ಗೆ ವಯಸ್ಸು 15ರಿಂದ 24. ಪರಿಶಿಷ್ಟ ಜಾತಿ, ಪಂಗಡದವರಿಗೆ 5 ವರ್ಷ, ಹಿಂದುಳಿದ ವರ್ಗದವರಿಗೆ 3 ವರ್ಷ ರಿಯಾಯಿತಿ ಇದೆ. ಹತ್ತನೇ ತರಗತಿಯ ಮತ್ತು ಐಟಿಐಯ ಅಂಕ ನೋಡಿ ಆರಿಸುತ್ತಾರೆ. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕ ಇಲ್ಲ.

ತಾಯಿ–ಮಗಳ ಮಾತು

ಮಗಳು: ಯವ್ವಾ, ಹುಬ್ಬಳ್ಳಿ ರೈಲ್ವೆದಾಗ ಅಪ್ರೆಂಟಿಸ್ ಕರದಾರ. ಅರ್ಜಿ ಹಾಕ್ಲೇನು?

ತಾಯಿ: ಅದು ಸರಕಾರಿ ನೌಕರಿ ಏನವ್ವ?

ಮಗಳು: ನೌಕರಿ ಅಲ್ಲ. ಒಂದು ವರ್ಷ ಕಲಿಯೋದು. ತಿಂಗಳಾ ತಿಂಗಳಾ ರೊಕ್ಕ ಕೊಡ್ತಾರ.

ತಾಯಿ: ಎಷ್ಟು?

ಮಗಳು: ಐಟಿಐ ಆದವರಿಗೆ ಕಡಿಮಿ ಅಂದ್ರ 7,000 ಅಂತ 2019ರ ನಿಯಮದಾಗ ಬರದಾರ. ಈ ಸಲದ್ದು ಎಷ್ಟು ಅಂತ ಅಧಿಸೂಚನೆದಾಗ ನೋಡಬೇಕು.

ತಾಯಿ: ಇರಾಕ ಜಾಗ?

ಮಗಳು: ಅದನ್ನ ಅವರು ಕೊಡಂಗಿಲ್ಲ. ನಾವ ನೋಡ್ಕೋಬೇಕು.

ತಾಯಿ: ಹಂಗಾದ್ರ ಖೋಲಿ ಬಾಡಿಗಿ, ಊಟಕ್ಕ ಮುಗೀತೈತಿ. ಮನಿಗೆ ಏನೂ ಉಳಿಯಂಗಿಲ್ಲ.

ಮಗಳು: ಉಳಿಯಂಗಿಲ್ಲ ಯವ್ವಾ. ಆದ್ರ ಕೆಲಸ ಕೈಯಾಗ ಬರ್ತೈತಿ.

ತಾಯಿ: ಲಗ್ನಕ್ಕ ಕೇಳಾಕತ್ತಾರ. ನಿಮ್ಮಪ್ಪ ಏನಂತಾನೋ!

ಮಗಳು: ನನಗ ಇನ್ನೂ ಹದಿನೇಳು. ಈಗ ಲಗ್ನ ಮಾಡಿದ್ರ ಕಾಯ್ದೆಗೆ ವಿರುದ್ಧ. ಕರಾರಿಗೆ ನಿಮ್ಮ ಸಹಿ ಬೇಕು.

ತಾಯಿ: ಆ ಕಾಗದ ತಾ ಇಲ್ಲಿ. ಮೊದ್ಲ ಓದ್ತೀನಿ. ಅಪ್ಪಗೂ ಓದಿ ಹೇಳ್ತೀನಿ. ಆಮ್ಯಾಲ ಸಹಿ.

ಸಹಿ ಹಾಕುವ ಮುನ್ನ

ಈ ತಾಯಿ ಮಾಡಿದ್ದು ಸರಿ. ಹುಡುಗಿಗೆ 18 ವರ್ಷ ತುಂಬದಿದ್ದರೆ ಕರಾರಿಗೆ ಪೋಷಕರು ಸಹಿ ಮಾಡಬೇಕು. ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ಬೇರೆಯವರು ಓದಿ ಹೇಳುತ್ತಿದ್ದರು. ಈಗ ನೀವೇ ಓದಬಹುದು. ಇವನ್ನು ಹುಡುಕಿ ಓದಿ:

• ಎಷ್ಟು ತಿಂಗಳ ಕಲಿಕೆ?
• ಯಾವ ಕೆಲಸ ಕಲಿಸುತ್ತಾರೆ?
• ತಿಂಗಳಿಗೆ ಶಿಷ್ಯವೇತನ ಎಷ್ಟು?
• ನಡುವೆ ಬಿಟ್ಟರೆ ಏನಾಗುತ್ತದೆ? ಅಪ್ರೆಂಟಿಸ್ ತಪ್ಪಿದರೆ ಕಲಿಕೆಯ ಖರ್ಚು ಕಟ್ಟಬೇಕಾಗಬಹುದು. ಮಾಲೀಕರು ತಪ್ಪಿದರೆ ಅವರು ಪರಿಹಾರ ಕೊಡಬೇಕು.

ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳುವ ಹಕ್ಕು ಅಪ್ರೆಂಟಿಸ್‌ಗೂ ಇದೆ. ಇದು ಕಾಯ್ದೆಯಲ್ಲೇ ಇದೆ.

'ಇಷ್ಟು ರೊಕ್ಕ ಕೊಡಿ, ರೈಲ್ವೆದಾಗ ಹಚ್ಚಿಸ್ತೀನಿ' ಎಂದು ಯಾರಾದರೂ ಬಂದರೆ ನಂಬಬೇಡಿ. ಹೊಲ ಅಡ ಇಡಬೇಡಿ. ಐಟಿಐಗೆ ಹೋಗಿ ವಿಚಾರಿಸಿ.

ಕಲಿತ ಮೇಲೆ ಮುಂದೇನು?

ಅಪ್ರೆಂಟಿಸ್ ಮುಗಿದ ಕೂಡಲೆ ಕೆಲಸ ಖಚಿತವಲ್ಲ. ಆದರೆ ಹಾದಿ ಹತ್ತಿರವಾಗುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಬೇರೆಲ್ಲ ಸಮನಾಗಿದ್ದರೆ ಅಪ್ರೆಂಟಿಸ್ ಆಗಿ ಕಲಿತವರಿಗೆ ಮೊದಲ ಆದ್ಯತೆ ಕೊಡಬೇಕು ಎಂದಿತು. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ರೈಲ್ವೆಯ ಮೊದಲ ಹಂತದ ಹುದ್ದೆಗಳಲ್ಲಿ ನೂರಕ್ಕೆ 20 ಮೀಸಲಿವೆ. ಪರೀಕ್ಷೆ ಮಾತ್ರ ಬರೆದು ಪಾಸಾಗಲೇಬೇಕು.

2019ರ ನೇಮಕಾತಿ ಪಟ್ಟಿಯಲ್ಲಿ ಸ್ಟೋರ್ಸ್ ಡಿಪೋ ಸಹಾಯಕರ ಹುದ್ದೆಯೂ ಇತ್ತು. ಪ್ರತಿ ಸಲ ಇರುತ್ತದೆ ಎಂದಲ್ಲ. ಅಲ್ಲಿ ಸೇರಿದವರು ಇಲಾಖೆಯ ಪರೀಕ್ಷೆ ಬರೆದು ಗುಮಾಸ್ತರಾಗಬಹುದು. ಎಂಜಿನಿಯರಿಂಗ್ ಡಿಪ್ಲೊಮಾ ಓದಿದವರು ಡಿಪೋ ಸಾಮಗ್ರಿ ಮೇಲ್ವಿಚಾರಕರ ಹುದ್ದೆಗೆ ನೇರ ಪರೀಕ್ಷೆ ಬರೆಯಬಹುದು.

ರಾಜ್ಯ ಸರ್ಕಾರದ ಕಚೇರಿಗಳಲ್ಲೂ ಖರೀದಿ ಮತ್ತು ಉಗ್ರಾಣದ ಕೆಲಸ ಇದೆ. ನಮ್ಮ ಭಾಗಕ್ಕೆ 371(ಜೆ) ಸೌಲಭ್ಯ ಇದೆ. ಅದರಂತೆ ಈ ಭಾಗದ ಕಚೇರಿಗಳ 'ಸಿ' ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಇದಕ್ಕೆ 371(ಜೆ) ಪ್ರಮಾಣಪತ್ರ ಬೇಕು. ಮಗಳು ಓದುತ್ತಿರುವಾಗಲೇ ಮಾಡಿಸಿ ಇಡಿ.

ಸಂತೆಯಲ್ಲಿ ನಿಮ್ಮನ್ನು ಯಾರೂ ಸುಲಭವಾಗಿ ಮೋಸ ಮಾಡಲಾರರು. ನಿಮ್ಮ ಮಗಳು ಸರ್ಕಾರದ ಉಗ್ರಾಣದಲ್ಲಿ ಕೂತರೆ, ಊರಿನ ರೊಕ್ಕಕ್ಕೂ ಅಂಥದೇ ಕಾವಲು ಸಿಗುತ್ತದೆ.

ಹೊಸ ಮಾತುಗಳು

ಉಗ್ರಾಣ – ಮಾಲು ಇಡುವ ಜಾಗ
ಕರಾರು – ಇಬ್ಬರೂ ಒಪ್ಪಿ ಬರೆದುಕೊಂಡ ಕಾಗದ
ಶಿಷ್ಯವೇತನ – ಕಲಿಯುವಾಗ ಕೊಡುವ ಹಣ, ಸ್ಟೈಪೆಂಡ್
ಅಧಿಸೂಚನೆ – ಸರ್ಕಾರ ಎಲ್ಲರಿಗೂ ತಿಳಿಸುವ ಪ್ರಕಟಣೆ

ಕೂಡಿ ಮಾತಾಡಿ

1. ನಿಮ್ಮ ಊರಿನ ಶಾಲೆಗೆ, ಅಂಗನವಾಡಿಗೆ ಬಂದ ಮಾಲನ್ನು ಯಾರು ಎಣಿಸುತ್ತಾರೆ?
2. ನಿಮ್ಮ ಓಣಿಯಲ್ಲಿ ಹತ್ತನೇ ತರಗತಿ ಪಾಸಾಗಿ ಮನೆಯಲ್ಲಿರುವ ಹುಡುಗಿಯರು ಎಷ್ಟು ಮಂದಿ? ಅವರಿಗೆ ಈ ಪಾಠ ಓದಿ ಹೇಳಿ.
3. ಪಾಠದ ತಾಯಿ ಸಹಿಗೆ ಮೊದಲು ಕಾಗದ ಕೇಳಿದಳು. ಯಾಕೆ? ಎರಡು ಸಾಲು ಬರೆಯಿರಿ.