ನೆರಳಿಗೆ ಶೇಡ್ ಅನ್ನಬೇಕೋ, ಶ್ಯಾಡೋ ಅನ್ನಬೇಕೋ?

ಆನ್‌ಲೈನ್ ಸಂದರ್ಶನ ನಡೆಯುತ್ತಿದೆ. ನೆಟ್‌ವರ್ಕ್ ಕೈಕೊಟ್ಟು ದನಿ ಕಡಿದು ಕಡಿದು ಬರುತ್ತಿದೆ. ತನ್ನ ಮಾತು ಅತ್ತ ಕಡೆಗೆ ತಲುಪುತ್ತಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಅಭ್ಯರ್ಥಿ ‘ಆರ್ ಯೂ ಲಿಸನಿಂಗ್ ಟು ಮಿ?’ ಎನ್ನುತ್ತಾನೆ. ಅವನು ಕೇಳಹೊರಟಿದ್ದು ‘ಸರ್, ನನ್ನ ಮಾತು ಕೇಳಿಸ್ತಿದೆಯಾ?’ ಎಂದು. ಸಂದರ್ಶಕರ ಕಿವಿಗೆ ಬಿದ್ದದ್ದು ‘ನಾನು ಹೇಳೋದರ ಕಡೆ ಗಮನ ಇದೆಯೇನ್ರೀ?’ ಎಂಬ ಗದರಿಕೆ. ‘ಕ್ಯಾನ್ ಯೂ ಹಿಯರ್ ಮಿ?’ ಅಂದಿದ್ದರೆ ಮುಗಿಯುತ್ತಿತ್ತು.

ಇಲ್ಲಿ ವ್ಯಾಕರಣ ಕೆಟ್ಟಿಲ್ಲ, ಉಚ್ಚಾರಣೆಯೂ ಕೆಟ್ಟಿಲ್ಲ. ಕೆಟ್ಟದ್ದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದಗಳ ಪಟ್ಟಿಯಿಂದ. ಅದರಲ್ಲಿ ಹಿಯರ್ ಅಂದರೂ ಕೇಳು, ಲಿಸನ್ ಅಂದರೂ ಕೇಳು, ಆಸ್ಕ್ ಅಂದರೂ ಕೇಳು. ಪಟ್ಟಿ ಸುಳ್ಳು ಹೇಳುವುದಿಲ್ಲ, ಅರ್ಧ ಹೇಳಿ ಸುಮ್ಮನಾಗುತ್ತದೆ. ಉಳಿದರ್ಧವನ್ನು ನಾವೇ ಹುಡುಕಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ನಮ್ಮ ಕನ್ನಡದಲ್ಲೇ ಇದೆ.

ಹೆಜ್ಜೆ 1: ಪದ ಬಿಡಿ, ಇಡೀ ವಾಕ್ಯ ಹೇಳಿ

ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಪೂರ್ತಿ ವಾಕ್ಯವಾಗಿ ಹೇಳಿಕೊಳ್ಳಿ. ಆ ವಾಕ್ಯ ‘ನಾನು’ ಎಂದು ಶುರುವಾಗುತ್ತದೆಯೋ ‘ನನಗೆ’ ಎಂದೋ ಗಮನಿಸಿ. ‘ನಾನು ರೇಡಿಯೋ ಕೇಳಿದೆ’ ಅಂದರೆ ಮನಸ್ಸಿಟ್ಟು ಮಾಡಿದ ಕೆಲಸ, ಅದು ಲಿಸನ್. ‘ನನಗೆ ಗುಡುಗು ಕೇಳಿಸಿತು’ ಅಂದರೆ ತಾನಾಗಿ ಕಿವಿಗೆ ಬಿದ್ದದ್ದು, ಅದು ಹಿಯರ್. ನೋಡುವ ವಿಷಯದಲ್ಲೂ ಹೀಗೆಯೇ. ‘ನಾನು ಬೋರ್ಡ್ ಕಡೆ ನೋಡಿದೆ’ ಎಂಬುದಕ್ಕೆ ಲುಕ್, ‘ನನಗೆ ಬೋರ್ಡ್ ಕಾಣಿಸಿತು’ ಎಂಬುದಕ್ಕೆ ಸೀ. ಮೂರನೆಯ ಪದ ವಾಚ್ ಇರುವುದು ಚಲಿಸುವುದನ್ನು, ನಡೆಯುತ್ತಿರುವುದನ್ನು ಸ್ವಲ್ಪ ಹೊತ್ತು ನೋಡುವುದಕ್ಕೆ: ಕ್ರಿಕೆಟ್, ಟೀವಿ, ಬೀದಿಯಲ್ಲಿ ಆಡುವ ಮಕ್ಕಳು. ಗೋಡೆಯ ಮೇಲಿನ ಫೋಟೋವನ್ನು ಯಾರೂ ವಾಚ್ ಮಾಡುವುದಿಲ್ಲ.

ಈ ‘ನನಗೆ’ ಪರೀಕ್ಷೆಯಿಂದ ಇನ್ನೊಂದು ಉಪಕಾರವೂ ಇದೆ. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ, ನನಗೆ ಅರ್ಥವಾಯಿತು. ಇವಕ್ಕೆ ಇಂಗ್ಲಿಷಿನಲ್ಲಿ ನೋ, ವಾಂಟ್, ಲೈಕ್, ರಿಮೆಂಬರ್, ಅಂಡರ್‌ಸ್ಟ್ಯಾಂಡ್. ಇಂಥ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ. ‘ಐ ಆಮ್ ನಾಟ್ ನೋಯಿಂಗ್’, ‘ಐ ಆಮ್ ವಾಂಟಿಂಗ್’ ಎಂದು ಬಾಯಿಗೆ ಬಂದರೆ ಕನ್ನಡದ ‘ನನಗೆ’ಯನ್ನು ನೆನೆಸಿಕೊಂಡು ತಡೆಯಬಹುದು. ನೂರಕ್ಕೆ ನೂರು ನಡೆಯುವ ನಿಯಮವೇನಲ್ಲ. ಆದರೂ ವ್ಯಾಕರಣ ಪುಸ್ತಕದ ಉದ್ದನೆಯ ಪಟ್ಟಿಗಿಂತ ಬೇಗ ಕೈಗೆ ಸಿಗುತ್ತದೆ.

ಹೆಜ್ಜೆ 2: ಯಾರಿಂದ ಯಾರಿಗೆ?

ಬಾರೋ ಮತ್ತು ಲೆಂಡ್ ಎರಡಕ್ಕೂ ‘ಸಾಲ’ ಎಂದೇ ಬರೆದುಕೊಂಡಿದ್ದರೆ ಗೊಂದಲ ಗ್ಯಾರಂಟಿ. ಪಕ್ಕದ ಕ್ರಿಯಾಪದವನ್ನೂ ಸೇರಿಸಿ ಬರೆದುಕೊಳ್ಳಿ: ಕೈಗಡ ತಗೊಳ್ಳುವುದು ಬಾರೋ, ಕೈಗಡ ಕೊಡುವುದು ಲೆಂಡ್. ಹಾಗಾಗಿ ಪಕ್ಕದವರ ಪೆನ್ನು ಬೇಕಾದರೆ ‘ಬಾರೋ ಮಿ ಯುವರ್ ಪೆನ್’ ಅಲ್ಲ, ‘ಲೆಂಡ್ ಮಿ ಯುವರ್ ಪೆನ್’. ತರುವುದು ಬ್ರಿಂಗ್, ಒಯ್ಯುವುದು ಟೇಕ್. ನೆನಪು ನಮ್ಮಲ್ಲೇ ಇದ್ದರೆ ರಿಮೆಂಬರ್, ಇನ್ನೊಬ್ಬರಿಗೆ ನೆನಪಿಸಿದರೆ ರಿಮೈಂಡ್.

ಸ್ಟೀಲ್ ಮತ್ತು ರಾಬ್ ವಿಷಯದಲ್ಲಿ ‘ಯಾವುದನ್ನು?’ ಎಂದು ಕೇಳಬೇಕು. ಕದ್ದ ವಸ್ತುವಿನ ಮಾತಾದರೆ ಸ್ಟೀಲ್, ಕಳೆದುಕೊಂಡ ಮನುಷ್ಯ ಅಥವಾ ಜಾಗದ ಮಾತಾದರೆ ರಾಬ್. ಕಳ್ಳರು ಬ್ಯಾಂಕನ್ನು ರಾಬ್ ಮಾಡುತ್ತಾರೆ, ಹಣವನ್ನು ಸ್ಟೀಲ್ ಮಾಡುತ್ತಾರೆ. ಬ್ಯಾಂಕನ್ನೇ ಸ್ಟೀಲ್ ಮಾಡಿದರೆ ಕಟ್ಟಡವೂ ಉಳಿಯಲಿಲ್ಲ ಎಂದಾಯಿತು! ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಕಾನೂನಿನ ಲೆಕ್ಕವನ್ನೂ ತಿಳಿದಿರಲಿ. ಭಾರತದ ಕಾನೂನಿನಲ್ಲಿ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ವಸ್ತು ಎತ್ತಿಕೊಂಡರೆ ಥೆಫ್ಟ್, ಹಲ್ಲೆಯೋ ಬೆದರಿಕೆಯೋ ಸೇರಿದರೆ ರಾಬರಿ, ಅದನ್ನೇ ಐದು ಅಥವಾ ಹೆಚ್ಚು ಮಂದಿ ಕೂಡಿ ಮಾಡಿದರೆ ಡಕಾಯಿಟಿ. ಈ ಕೊನೆಯ ಪದ ಇಂಗ್ಲಿಷಿಗೆ ಹೋದದ್ದೇ ನಮ್ಮ ದೇಶದಿಂದ.

ಹೆಜ್ಜೆ 3: ಕನ್ನಡ ಸುಳಿವು ಕೊಡದಿದ್ದಾಗ

ಕೆಲವು ಕಡೆ ನಮ್ಮ ಭಾಷೆ ಒಂದೇ ಪದದಲ್ಲಿ ಕೆಲಸ ಮುಗಿಸುತ್ತದೆ. ಅಲ್ಲಿ ವಾಕ್ಯವೂ ನೆರವಿಗೆ ಬಾರದು, ಸನ್ನಿವೇಶವನ್ನೇ ಬಿಡಿಸಿ ನೋಡಬೇಕು. ‘ನೆರಳು’ ಅಂಥದ್ದು. ಬಿಸಿಲಿನಿಂದ ತಪ್ಪಿಸಿಕೊಂಡು ನಿಲ್ಲುವ ತಂಪು ಜಾಗ ಶೇಡ್. ನೆಲದ ಮೇಲೋ ಗೋಡೆಯ ಮೇಲೋ ಬಿದ್ದ ಆಕಾರ ಶ್ಯಾಡೋ. ಬೇವಿನ ಮರದ ಶೇಡ್‌ನಲ್ಲಿ ಕೂತು, ಅದರ ಶ್ಯಾಡೋ ಸಂಜೆಗೆ ಎಷ್ಟು ಉದ್ದವಾಯಿತೆಂದು ಅಳೆಯಬಹುದು. ‘ಬೆರಳು’ ಕೂಡ ಹಾಗೆಯೇ: ಕೈಬೆರಳು ಫಿಂಗರ್, ಕಾಲ್ಬೆರಳು ಟೋ. ವಿಮೆಯ ಅರ್ಜಿಯಲ್ಲಿ ಈ ಅದಲುಬದಲು ತಮಾಷೆಯಾಗಿ ಉಳಿಯುವುದಿಲ್ಲ.

‘ಬಾಡಿಗೆ’ ಇನ್ನೂ ಕವಲೊಡೆದ ಪದ. ಮನೆಗೆ ಕೊಡುವುದು ರೆಂಟ್. ಮದುವೆಯ ಛತ್ರವನ್ನೋ ಕಾರನ್ನೋ ಎರಡು ದಿನಕ್ಕೆ ಪಡೆದರೆ ಬ್ರಿಟಿಷರು ಹೈರ್ ಎನ್ನುತ್ತಾರೆ, ಅಮೆರಿಕದವರು ಕಾರಿಗೂ ರೆಂಟ್ ಎನ್ನುತ್ತಾರೆ. ಅವರಲ್ಲಿ ಹೈರ್ ಹೆಚ್ಚಾಗಿ ಮನುಷ್ಯರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೆ. ಬಸ್ಸಿಗೆ ಕೊಡುವ ದುಡ್ಡನ್ನು ನಾವು ‘ಬಸ್ ಚಾರ್ಜು’ ಅಂದರೂ ಇಂಗ್ಲಿಷಿನಲ್ಲಿ ಅದು ಫೇರ್. ಕಾಲೇಜಿಗೆ, ವಕೀಲರಿಗೆ ಕೊಡುವುದು ಫೀ.

ಹೆಜ್ಜೆ 4: ಜಲವೋ ನೀರೋ?

‘ಒಂದು ಲೋಟ ಜಲ ಕೊಡಿ’ ಎಂದು ಹೋಟೆಲಿನಲ್ಲಿ ಯಾರೂ ಕೇಳುವುದಿಲ್ಲ. ಆದರೆ ನಗರಕ್ಕೆ ನೀರು ಕೊಡುವ ಕಚೇರಿ ಜಲಮಂಡಳಿ. ಅರ್ಥ ಒಂದೇ, ಕೂರುವ ಜಾಗ ಬೇರೆ. ಇಂಗ್ಲಿಷಿನಲ್ಲೂ ಹೀಗೆ ಜೋಡಿ ಪದಗಳು ರಾಶಿ ಬಿದ್ದಿವೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದವರು ಇಂಗ್ಲೆಂಡನ್ನು ಗೆದ್ದರು. ಮುಂದೆ ಶತಮಾನಗಳ ಕಾಲ ಆಸ್ಥಾನ ಮತ್ತು ನ್ಯಾಯಾಲಯದಲ್ಲಿ ಫ್ರೆಂಚ್ ನಡೆಯಿತು, ಚರ್ಚು ಮತ್ತು ಪಾಂಡಿತ್ಯದಲ್ಲಿ ಲ್ಯಾಟಿನ್ ಇತ್ತು, ಹೊಲಮನೆಗಳಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಮಂದೆಯಲ್ಲಿ ಮೇಯುವಾಗ ಶೀಪ್, ತಟ್ಟೆಗೆ ಬಂದಾಗ ಮಟನ್. ಮೊದಲನೆಯದು ಸಾಕಿದವರ ಪದ, ಎರಡನೆಯದು ಫ್ರೆಂಚಿನಿಂದ ಬಂದದ್ದು. (ಇಂಗ್ಲೆಂಡಿನಲ್ಲಿ ಮಟನ್ ಅಂದರೆ ಕುರಿಯ ಮಾಂಸವೇ; ನಮ್ಮ ಅಂಗಡಿಯಲ್ಲಿ ಮೇಕೆಯೂ ಆ ಹೆಸರಿನಲ್ಲೇ ತೂಗುತ್ತದೆ.)

ಆಸ್ಕ್, ಕ್ವೆಶ್ಚನ್, ಇಂಟರಾಗೇಟ್ ಮೂರನ್ನೂ ಈ ಕಣ್ಣಿನಿಂದ ನೋಡಿ. ದಾರಿ ಗೊತ್ತಿಲ್ಲದಿದ್ದರೆ ಆಸ್ಕ್ ಮಾಡುತ್ತೇವೆ. ಅಧಿಕಾರಿ ಸಾಕ್ಷಿಯನ್ನು ಕ್ವೆಶ್ಚನ್ ಮಾಡುತ್ತಾರೆ. ಪೊಲೀಸರು ಆರೋಪಿಯನ್ನು ಕೂರಿಸಿಕೊಂಡು ಇಂಟರಾಗೇಟ್ ಮಾಡುತ್ತಾರೆ. ಬೈ–ಪರ್ಚೇಸ್, ಬಿಗಿನ್–ಕಮೆನ್ಸ್ ಇವೂ ಇದೇ ಜಾತಿ. ದೊಡ್ಡ ಪದ ಹಾಕಿದರೆ ಇಂಗ್ಲಿಷ್ ಚೆನ್ನಾಗಿ ಕಾಣುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತರಕಾರಿಯನ್ನು ಪರ್ಚೇಸ್ ಮಾಡಿದೆ ಎಂದು ಗೆಳೆಯರಿಗೆ ಬರೆದರೆ ಲೋಟದಲ್ಲಿ ಜಲ ಕೇಳಿದ ಹಾಗೇ ಆಗುತ್ತದೆ.

ಹೆಜ್ಜೆ 5: ಅವಳಿಗಳು

ಕಾಗುಣಿತದಲ್ಲಿ ಸ್ವಲ್ಪವೇ ಬೇರೆಯಾಗಿ ಕಾಡುವ ಜೋಡಿಗಳಿಗೆ ಗುರುತು ಇಟ್ಟುಕೊಂಡರೆ ಸಾಕು. ಪೆನ್ನು–ಕಾಗದದ ಸ್ಟೇಷನರಿಯಲ್ಲಿ ‘ಆರ್’ಗೆ ಮುಂಚೆ ‘ಇ’, ಎನ್ವಲಪ್‌ನ ಇ ಎಂದು ನೆನಪಿಡಿ. ಅಲ್ಲಿ ‘ಎ’ ಬರೆದರೆ ‘ಕದಲದೆ ನಿಂತಿರುವ’ ಎಂಬ ಅರ್ಥ. ಎಷ್ಟೋ ಅಂಗಡಿಗಳ ಫಲಕದಲ್ಲಿ ಇರುವುದು ಈ ಎರಡನೆಯದೇ. ಹಂಪಿ ಹಿಸ್ಟಾರಿಕ್ ಜಾಗ, ಅಂದರೆ ಚರಿತ್ರೆಯಲ್ಲಿ ಮಹತ್ವದ್ದು. ವಿಜಯನಗರದ ಕಾಲದ ಕಥೆಯುಳ್ಳ ಕಾದಂಬರಿ ಹಿಸ್ಟಾರಿಕಲ್, ಅಂದರೆ ಚರಿತ್ರೆಗೆ ಸಂಬಂಧಿಸಿದ್ದು. ಸರ್ಕಾರದ ನೀತಿ ಎಕನಾಮಿಕ್, ಮೈಲೇಜ್ ಕೊಡುವ ಬೈಕು ಎಕನಾಮಿಕಲ್.

ಹೆಜ್ಜೆ 6: ಊರು ದಾಟಿದಾಗ

ನಮ್ಮ ತರಗತಿಯಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದರೆ ಒಂದು ಪ್ರಶ್ನೆ ಇದೆ ಎಂದು. ಇಂಗ್ಲೆಂಡ್ ಅಥವಾ ಅಮೆರಿಕದ ಪ್ರಾಧ್ಯಾಪಕರಿಗೆ ಅದು ‘ನೀವು ಹೇಳಿದ್ದರಲ್ಲಿ ನನಗೆ ನಂಬಿಕೆಯಿಲ್ಲ’ ಎಂದು ಕೇಳಿಸಬಹುದು. ಅಲ್ಲಿ ಕ್ವೆಶ್ಚನ್ ಎನ್ನಿ. ಉತ್ತರಿಸಿ ಎನ್ನಲು ನಮ್ಮ ಕಚೇರಿಗಳಲ್ಲಿ ಬರೆಯುವ ರಿವರ್ಟ್‌ಗೆ ಅವರಲ್ಲಿ ಮುಖ್ಯ ಅರ್ಥ ಹಿಂದಿನ ಸ್ಥಿತಿಗೆ ಮರಳುವುದು. ರಿಪ್ಲೈ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಐ ಪಾಸ್ಡ್ ಔಟ್ ಇನ್ 2022’ ಎಂದರೆ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದುಕೊಂಡಾರು. ಗ್ರ್ಯಾಜುಯೇಟ್ ಎಂಬ ಪದ ಹಾಕಿ. ಇವು ಭಾರತದ ಇಂಗ್ಲಿಷಿನಲ್ಲಿ ತಪ್ಪೇನಲ್ಲ, ಓದುವವರು ಯಾರೆಂದು ನೋಡಿ ಬಳಸಬೇಕಷ್ಟೆ.

ಹೆಜ್ಜೆ 7: ನಿಘಂಟು ಬದಲಿಸಿ

ಇಂಗ್ಲಿಷ್–ಕನ್ನಡ ನಿಘಂಟು ಇರಲಿ, ಜೊತೆಗೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟೊಂದು ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅಲ್ಲಿ 1942ರಲ್ಲಿ ಇಂಥದ್ದೊಂದನ್ನು ಹೊರತಂದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಪ್ರಕಟಿಸಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರದೇ ವಂಶ. 1978ರ ಲಾಂಗ್‌ಮನ್ ನಿಘಂಟು ಸುಮಾರು 2000 ಸರಳ ಪದಗಳಲ್ಲೇ ಬಹುತೇಕ ಎಲ್ಲ ಅರ್ಥಗಳನ್ನೂ ವಿವರಿಸಿತು. 1987ರ ಕಾಲಿನ್ಸ್ ಕೋಬಿಲ್ಡ್ ಅರ್ಥವನ್ನೇ ಇಡೀ ವಾಕ್ಯದಲ್ಲಿ ಕೊಡುತ್ತದೆ. ಮೂರೂ ಪ್ರಕಾಶಕರ ಆನ್‌ಲೈನ್ ಪುಟಗಳು ಮೊಬೈಲಿನಲ್ಲಿ ಉಚಿತ. ಆಕ್ಸ್‌ಫರ್ಡ್‌ನಲ್ಲಿ ಗೊಂದಲದ ಪದಗಳ ಪಕ್ಕ ‘ವಿಚ್ ವರ್ಡ್?’ ಎಂಬ ಚೌಕಟ್ಟು ಇರುತ್ತದೆ, ಮೊದಲು ಅದನ್ನು ಓದಿ. ಆಮೇಲೆ ಉದಾಹರಣೆ ವಾಕ್ಯಗಳಲ್ಲಿ ನಿಮಗೆ ಹೊಂದುವ ಒಂದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ, ಅದರ ಎದುರಿಗೆ ಕನ್ನಡದ ಪದವನ್ನಲ್ಲ, ಕನ್ನಡದ ವಾಕ್ಯವನ್ನು ಬರೆಯಿರಿ.