ಫೋನ್ ಬಿತ್ತೆಂದು ಮಗು ಹೇಳುವಂತಿರಲಿ

ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟರೆ ಫೋನ್ ಸಿಡಿಯುತ್ತದೆಯೇ? ಮೊಬೈಲ್ ಬ್ಯಾಟರಿಯ ಮಾತು ಬಂದಾಗ ಅಪ್ಪ-ಅಮ್ಮಂದಿರು ಮೊದಲು ಕೇಳುವುದು ಇದನ್ನೇ. ಈಗಿನ ಫೋನುಗಳಲ್ಲಿ ಬ್ಯಾಟರಿ ತುಂಬಿದೊಡನೆ ಒಳಗಿನ ಸರ್ಕ್ಯೂಟೇ ಚಾರ್ಜಿಂಗ್ ನಿಲ್ಲಿಸುತ್ತದೆ. ಎಷ್ಟು ಹೊತ್ತು ಹಾಕಿದ್ದೀರಿ ಅನ್ನುವುದಕ್ಕಿಂತ ಎಲ್ಲಿ ಇಟ್ಟಿದ್ದೀರಿ ಅನ್ನುವುದನ್ನು ನೋಡಿ. ದಿಂಬಿನಡಿ, ಕಂಬಳಿಯ ಮಡಿಕೆಯಲ್ಲಿ ಇಟ್ಟರೆ ಬಿಸಿ ಹೊರಹೋಗಲು ದಾರಿಯೇ ಇರುವುದಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡಿದರೆ ಬಿಸಿ ಇನ್ನೂ ಏರುತ್ತದೆ. ಚಾರ್ಜಿಗೆ ಇಡಲು ಬರೀ ನೆಲವೋ ಮೇಜೋ ಸಾಕು. ಚಾರ್ಜರ್ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ ಕೊಳ್ಳಿ.

ನನಗೆ ಇದಕ್ಕಿಂತ ಹೆಚ್ಚು ಕಾಳಜಿ ಮಕ್ಕಳ ಕೈಯಿಂದ ಬಿದ್ದ ಫೋನಿನದು. ಬ್ಯಾಟರಿಯೊಳಗೆ ತಾಮ್ರ, ಅಲ್ಯೂಮಿನಿಯಂ ಹಾಳೆಗಳು ಒತ್ತೊತ್ತಾಗಿರುತ್ತವೆ. ಅವು ಒಂದಕ್ಕೊಂದು ತಾಗದಂತೆ ತಡೆಯುವುದು ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಅದು ನೆನೆದಿರುವ ದ್ರವವೋ ಬೆಂಕಿ ಹಿಡಿಯುವಂಥದ್ದು. ಪೆಟ್ಟು ಬಿದ್ದು ಪೊರೆ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಬೆಂಕಿ ಹೊತ್ತಿಕೊಂಡದ್ದರಿಂದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತಲ್ಲ, ಅದರ ಒಂದು ಬಗೆಯ ಬ್ಯಾಟರಿಯಲ್ಲಿ ಮೂಲೆಯ ಹಾಳೆಗಳು ಬಾಗಿದ್ದವೆಂದು ಕಂಪನಿಯೇ ಮರುವರ್ಷ ತಿಳಿಸಿತು. ಒಂದು ಮೂಲೆ ಬಾಗಿದರೂ ಅಪಾಯವೇ.

ಬಿದ್ದ ಕೂಡಲೇ ಏನೂ ಕಾಣದಿರಬಹುದು, ತೊಂದರೆ ಆಮೇಲೆ ತಲೆದೋರಬಹುದು. ಬೈದರೆ, ಹೊಡೆದರೆ ಮಗು ಮುಂದಿನ ಸಲ ಬಿದ್ದದ್ದನ್ನು ಮುಚ್ಚಿಡುತ್ತದೆ. ಪೆಟ್ಟು ತಿಂದ ಬ್ಯಾಟರಿ ಅಂದು ರಾತ್ರಿಯೂ ಎಂದಿನಂತೆ ಚಾರ್ಜಿಗೆ ಹೋಗುತ್ತದೆ. ದಯವಿಟ್ಟು ಬೈಯಬೇಡಿ. 'ಹೇಳಿದ್ದು ಒಳ್ಳೇದಾಯ್ತು ಪುಟ್ಟಾ' ಅಂದು ಫೋನನ್ನು ಕೈಗೆತ್ತಿಕೊಳ್ಳಿ.

ಮೇಜಿನ ಮೇಲೆ ಬೆನ್ನಡಿ ಮಾಡಿ ಇಡಿ. ಮೊದಲು ಸಮನಾಗಿ ಕೂರುತ್ತಿದ್ದದ್ದು ಈಗ ಬೆರಳು ತಾಗಿಸಿದರೆ ಗಿರಕಿ ಹೊಡೆಯುತ್ತಿದೆಯೇ? ಸ್ಕ್ರೀನಿನ ಅಂಚಿನಲ್ಲಿ ಬೆಳಕು ಇಣುಕುತ್ತಿದೆಯೇ, ಹಿಂದಿನ ಮುಚ್ಚಳ ಬಾಯಿ ಬಿಟ್ಟಿದೆಯೇ? ಹಾಗಿದ್ದರೆ ಬ್ಯಾಟರಿ ಉಬ್ಬಿದೆ ಎಂದೇ ತಿಳಿಯಿರಿ. ಒಳಗೆ ಗ್ಯಾಸ್ ತುಂಬಿರುತ್ತದೆ; ಒತ್ತಿ ಮುಚ್ಚುವುದು, ಪಿನ್ ಚುಚ್ಚುವುದು ಖಂಡಿತ ಕೂಡದು. ಸ್ವಿಚ್ ಆಫ್ ಮಾಡಿ, ಹಾಸಿಗೆ-ಪರದೆಗಳಿಂದ ದೂರ ಬರಿನೆಲದ ಮೇಲಿಡಿ, ಮತ್ತೆ ಚಾರ್ಜಿಗೆ ಹಾಕದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಉಬ್ಬಿಲ್ಲದಿದ್ದರೂ ಜೋರಾಗಿ ಬಿದ್ದಿದ್ದರೆ ಕೆಲವು ದಿನ ನಿಮ್ಮ ಕಣ್ಣೆದುರಿಗೇ ಚಾರ್ಜ್ ಮಾಡಿ. ಸುಮ್ಮನಿಟ್ಟಾಗಲೂ ಬಿಸಿಯಾಗುತ್ತಿದ್ದರೆ ತೋರಿಸಿಬಿಡಿ.

ಹೊಗೆ ಬಂದರೆ ಫೋನ್ ಮುಟ್ಟದೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಆ ಹೊಗೆ ವಿಷ. 112ಕ್ಕೆ ಕರೆ ಮಾಡಿ.

ಹಳೇ ಬ್ಯಾಟರಿಗಳ ವಿಷಯದಲ್ಲಿ ನಮ್ಮ ಮನೆಗಳು ಬಹಳ ಉದಾಸೀನ. ಡ್ರಾಯರಿನಲ್ಲಿ ಕೀಲಿಕೈ, ಚಿಲ್ಲರೆ ಕಾಸಿನ ಜೊತೆ ಬಿದ್ದಿರುತ್ತವೆ. ಒಂದು ನಾಣ್ಯ ಎರಡು ತುದಿಗೂ ತಾಗಿದರೆ ಅಲ್ಲೇ ಶಾರ್ಟ್. ಕಸಕ್ಕೆ ಹಾಕಿದರೆ ಕಸದ ಲಾರಿಯಲ್ಲಿ ಜಜ್ಜಿಹೋಗಿ ಬೆಂಕಿ ಹೊತ್ತಬಹುದು, ಪೌರಕಾರ್ಮಿಕರ ಕೈ ಸುಡಬಹುದು. ಇದೊಂದು ವಿಷಯ ನನಗೆ ತೀರಾ ನೋವು ಕೊಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಮನೆಕಸದಿಂದ ಬೇರೆಯಾಗಿಯೇ ವಿಲೇವಾರಿ ಮಾಡಬೇಕು. ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕಂಪನಿಯ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೋ ಕೊಡಿ. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಮಾಡೆಲ್ ಮಾಡಲು ಮಗು ಹಳೇ ಮೊಬೈಲ್ ಬ್ಯಾಟರಿ ಕೇಳಿದರೆ ಅದನ್ನು ಕೊಡಬೇಡಿ. ಬಲ್ಬ್ ಉರಿಸಲು ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಎರಡು ಧಾರಾಳವಾಗುತ್ತವೆ.