ಬಿಸಿಲೂರಿನಲ್ಲಿ ರೆಂಡರಿಂಗ್ ಕಂಪ್ಯೂಟರ್: ಮದರ್‌ಬೋರ್ಡ್ ಆರಿಸುವುದು ಹೇಗೆ?

ಮದುವೆ ವಿಡಿಯೊ ಮಿಕ್ಸಿಂಗ್, ಮನೆಯ 3ಡಿ ಎಲಿವೇಷನ್, ಬ್ಲೆಂಡರ್ ಅನಿಮೇಷನ್ ಇವೆಲ್ಲ ಕಂಪ್ಯೂಟರನ್ನು ಗಂಟೆಗಟ್ಟಲೆ ಪೂರ್ಣ ಬಲದಲ್ಲಿ ದುಡಿಸುವ ಕೆಲಸಗಳು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಎಷ್ಟೇ ದುಬಾರಿಯಾಗಿದ್ದರೂ ಅವನ್ನು ಒಂದಕ್ಕೊಂದು ಜೋಡಿಸಿ, ಕರೆಂಟ್ ಹಂಚಿ ದುಡಿಸುವುದು ಮದರ್‌ಬೋರ್ಡ್. ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳಲ್ಲಿ ಈ ಆಯ್ಕೆಗೆ ಮತ್ತೆ ಮೂರು ಷರತ್ತುಗಳು ಸೇರುತ್ತವೆ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹೋಗಿ ಬರುವ ಕರೆಂಟ್, ಕೆಟ್ಟರೆ ಕನಿಷ್ಠ ಕಲಬುರಗಿಗಾದರೂ ಒಯ್ಯಬೇಕಾದ ದೂರ. ಪೆಟ್ಟಿಗೆಯ ಮೇಲಿನ ದೊಡ್ಡ ಹೆಸರಿಗಿಂತ ಈ ಮೂರನ್ನು ತಾಳಿಕೊಳ್ಳುವ ಬೋರ್ಡ್‌ಗೆ ಹಣ ಹಾಕುವುದೇ ಸರಿ.

ಅಂಗಡಿಗೆ ಹೋಗುವ ಮೊದಲು ಯಾವ ಸಾಫ್ಟ್‌ವೇರ್ ಹೆಚ್ಚು ಬಳಕೆಯಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಲುಮಿಯಾನ್, ಡಿ5 ರೆಂಡರ್ ನಡೆಯುವುದು ಗ್ರಾಫಿಕ್ಸ್ ಕಾರ್ಡ್ ಬಲದಿಂದ. ಕರೋನಾ ರೆಂಡರ್ ಪ್ರೊಸೆಸರನ್ನೇ ನೆಚ್ಚಿಕೊಂಡಿದೆ. ವಿ-ರೇ ಮತ್ತು ಬ್ಲೆಂಡರ್‌ನ ಸೈಕಲ್ಸ್ ಎರಡರಲ್ಲೂ ಓಡುತ್ತವೆ. ಮದುವೆ ಸ್ಟುಡಿಯೊಗಳು ಬಳಸುವ ಎಡಿಯಸ್‌ಗೆ ಇಂಟೆಲ್ ಪ್ರೊಸೆಸರ್ ಒಳಗಿನ, ವಿಡಿಯೊ ಕೆಲಸವನ್ನು ಚುರುಕಾಗಿಸುವ ಕ್ವಿಕ್ ಸಿಂಕ್ ದೊಡ್ಡ ನೆರವು. ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರ್‌ನಲ್ಲಿ ಅದು ಸಿಗುವುದಿಲ್ಲ. ಹೀಗೆ ಕೆಲಸ ಪ್ರೊಸೆಸರನ್ನು ಗೊತ್ತುಮಾಡುತ್ತದೆ, ಪ್ರೊಸೆಸರ್ ಸಾಕೆಟ್ಟನ್ನು ಗೊತ್ತುಮಾಡುತ್ತದೆ. ಎಎಂಡಿ ರೈಜೆನ್ 7000 ಮತ್ತು 9000 ಸರಣಿಗೆ 2022ರಲ್ಲಿ ಬಂದ ಎಎಂ5 ಸಾಕೆಟ್, ಇಂಟೆಲ್ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 2024ರಲ್ಲಿ ಬಂದ ಎಲ್‌ಜಿಎ 1851. ಥ್ರೆಡ್‌ರಿಪ್ಪರ್ ಪ್ರೊಸೆಸರ್‌ಗಳ ಟಿಆರ್‌ಎಕ್ಸ್50 ಬೋರ್ಡ್ ಮೂರು-ನಾಲ್ಕು ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಮಾತ್ರ. ಒಂದೇ ಕಾರ್ಡ್ ಇರುವ ಸ್ಟುಡಿಯೊಗೆ ಅದು ಹೊರೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಪ್ರೊಸೆಸರ್ ಸಾಕೆಟ್‌ನ ಎಡಕ್ಕೂ ಮೇಲಕ್ಕೂ ಲೋಹದ ದಪ್ಪ ತುಂಡುಗಳು ಕೂತಿರುತ್ತವೆ. ಅವುಗಳ ಅಡಿಯಲ್ಲಿರುವುದು ವಿಆರ್‌ಎಂ. ಪವರ್ ಸಪ್ಲೈನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟ್ ಆಸುಪಾಸಿಗೆ ಇಳಿಸುವುದು ಇದರ ಕೆಲಸ. ರೈಜೆನ್ 9 9950ಎಕ್ಸ್ ಪೂರ್ಣ ದುಡಿಮೆಯಲ್ಲಿ 230 ವಾಟ್‌ವರೆಗೆ ಎಳೆಯುತ್ತದೆ. ಅಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ಇಷ್ಟು ವಾಟ್ ಎಂದರೆ 200 ಆಂಪಿಯರ್‌ಗೆ ಹತ್ತಿರ. ವೋಲ್ಟೇಜ್ ಬೇರೆ, ನಿಜ; ಆದರೂ ಹೊಲದ 5 ಎಚ್‌ಪಿ ತ್ರೀಫೇಸ್ ಪಂಪ್‌ಸೆಟ್ ಎಳೆಯುವುದು 8 ಆಂಪಿಯರ್ ಆಸುಪಾಸು ಎಂಬುದನ್ನು ನೆನೆದರೆ, ಅಂಗೈಯಗಲದ ಜಾಗದಲ್ಲಿ ಎಂಥ ಬಿಸಿ ಹುಟ್ಟಬಹುದು ಎಂಬುದು ತಿಳಿಯುತ್ತದೆ.

ಬೋರ್ಡ್‌ಗಳ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು 20ರಿಂದ 25 ಡಿಗ್ರಿಯ ಕೋಣೆಯಲ್ಲಿ. ಅಲ್ಲಿ ವಿಆರ್‌ಎಂ 70 ಡಿಗ್ರಿ ತೋರಿಸಿದ್ದರೆ, ಮೇ ತಿಂಗಳಲ್ಲಿ ತಗಡಿನ ಮಾಳಿಗೆಯ ಕೆಳಗೆ 40 ಡಿಗ್ರಿಯ ಕೋಣೆಯಲ್ಲಿ ಅದೇ ಬೋರ್ಡ್ 85–90ಕ್ಕೆ ಮುಟ್ಟುತ್ತದೆ. ಕೋಣೆಯ ಬಿಸಿ ಹೆಚ್ಚಿದಷ್ಟೂ ಹೀಟ್‌ಸಿಂಕ್ ಬಿಸಿಯೂ ಹೆಚ್ಚುತ್ತದೆ, ಇದು ಸಾದಾ ಕೂಡುವ ಲೆಕ್ಕ. ಮಿತಿ ಮೀರಿದಾಗ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗವನ್ನೇ ತಗ್ಗಿಸುತ್ತದೆ, ರಾತ್ರಿ ಮುಗಿಯಬೇಕಿದ್ದ ರೆಂಡರ್ ಮಧ್ಯಾಹ್ನಕ್ಕೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ ವಿಆರ್‌ಎಂನ ಹಂತಗಳನ್ನು (ಫೇಸ್) ಎಣಿಸಿ ಹೇಳುವ ‘14+2+1’ ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯದು 14 ಅಥವಾ ಹೆಚ್ಚಿದ್ದು, ಪ್ರತಿ ಹಂತವೂ 80 ಆಂಪಿಯರ್ ತಾಳುವಂತಿದ್ದರೆ ಸಾಕು; 20 ದಾಟಿದ ಅಂಕಿಗೆ ಕೊಡುವ ಹಣ ಓವರ್‌ಕ್ಲಾಕ್ ಮಾಡದವರಿಗೆ ದಂಡ. ಹೀಟ್‌ಸಿಂಕ್ ತೂಕವಿರುವಂಥದ್ದೂ ಗಾಳಿ ಹಾಯುವ ಸೀಳುಗಳಿರುವಂಥದ್ದೂ ಆಗಿರಲಿ. ಅದರೊಳಗೆ ಪುಟ್ಟ ಫ್ಯಾನ್ ಕೂರಿಸಿದ ಬೋರ್ಡ್ ಬೇಡ. ತೊಗರಿ ರಾಶಿಯ ದಿನಗಳ ಧೂಳು ಮೊದಲು ಸೇರಿಕೊಳ್ಳುವುದೇ ಅಂಥ ಫ್ಯಾನ್‌ನಲ್ಲಿ.

ಇನ್ನು ಲೇನ್‌ಗಳ, ಎಂದರೆ ಪ್ರೊಸೆಸರ್‌ಗೂ ಉಳಿದ ಭಾಗಗಳಿಗೂ ನಡುವೆ ಡೇಟಾ ಓಡಾಡುವ ದಾರಿಗಳ, ಲೆಕ್ಕ. ಎಎಂ5 ಪ್ರೊಸೆಸರ್‌ನಿಂದ ನೇರವಾಗಿ ಸಿಗುವ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು 24. ಗ್ರಾಫಿಕ್ಸ್ ಕಾರ್ಡ್‌ಗೆ 16, ಒಂದು ಎಂ.2 ಎಸ್‌ಎಸ್‌ಡಿಗೆ 4, ಉಳಿದ 4 ಇನ್ನೊಂದು ಎಸ್‌ಎಸ್‌ಡಿಗೋ ಯುಎಸ್‌ಬಿ4 ಪೋರ್ಟ್‌ಗೋ ಹೋಗುತ್ತವೆ. ಕೆಲವು ದುಬಾರಿ ಬೋರ್ಡ್‌ಗಳಲ್ಲಿ ಎರಡನೇ ಎಸ್‌ಎಸ್‌ಡಿ ಹಾಕಿದ ಕೂಡಲೇ ಗ್ರಾಫಿಕ್ಸ್ ಕಾರ್ಡ್ 16ರಿಂದ 8 ಲೇನ್‌ಗೆ ಇಳಿಯುತ್ತದೆ. ದೃಶ್ಯ ಒಮ್ಮೆ ಕಾರ್ಡ್‌ನ ಮೆಮೊರಿಗೆ ಏರಿದ ಮೇಲೆ ರೆಂಡರ್ ಅಲ್ಲೇ ನಡೆಯುವುದರಿಂದ ಇದರ ನಷ್ಟ ಅಲ್ಪ. ಆದರೂ ತಯಾರಕರ ಜಾಲತಾಣದಿಂದ ಮ್ಯಾನುಯಲ್ ಇಳಿಸಿಕೊಂಡು ಆ ಪುಟ ಓದಿಯೇ ಹಣ ಕೊಡಬೇಕು. ಎರಡು ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆ ಇದ್ದರೆ 8+8 ಎಂದು ಹಂಚಿಕೊಳ್ಳುವ ಎರಡು ಸ್ಲಾಟ್ ಬೇಕು. ಆಸುಸ್ ಪ್ರೋಆರ್ಟ್ ಎಕ್ಸ್870ಇ ಕ್ರಿಯೇಟರ್ ಅಂಥದ್ದು. ಕಾರ್ಡ್‌ಗಳು ಮೂರು ಸ್ಲಾಟ್ ದಪ್ಪ ಇರುತ್ತವೆ, ಆದ್ದರಿಂದ ನಡುವಿನ ಅಂತರವನ್ನೂ ಅಳೆದು ನೋಡಬೇಕು.

ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇದ್ದರೂ ಎರಡನ್ನೇ ತುಂಬುವುದು ಮೇಲು. ರೈಜೆನ್ 9000ದಲ್ಲಿ ಎರಡು ಡಿಡಿಆರ್5 ಕಡ್ಡಿಗೆ ಅಧಿಕೃತ ವೇಗ 5600, ನಾಲ್ಕು ಹಾಕಿದರೆ 3600. 48 ಜಿಬಿಯ ಎರಡು ಕಡ್ಡಿಗಳಿಂದ 96 ಜಿಬಿ ಆಗುತ್ತದೆ. ಎಲಿವೇಷನ್, ಮಿಕ್ಸಿಂಗ್ ಎರಡಕ್ಕೂ ಅದು ಧಾರಾಳ. ಆ ಕಡ್ಡಿಯ ಮಾದರಿ ಸಂಖ್ಯೆ ಬೋರ್ಡ್ ಕಂಪನಿಯ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ದೂರದ ಊರಿನವರಿಗೆ ಎರಡು ಸಣ್ಣ ಸೌಲಭ್ಯ ಬಹಳ ಬೆಲೆಯವು. ಒಂದು, ಬಯಾಸ್ ಫ್ಲ್ಯಾಷ್‌ಬ್ಯಾಕ್ ಬಟನ್: ಹೊಸ ಪ್ರೊಸೆಸರನ್ನು ಹಳೆಯ ಬಯಾಸ್ ಗುರುತಿಸದಿದ್ದಾಗ ಪೆನ್‌ಡ್ರೈವ್‌ನಿಂದಲೇ ಸರಿಪಡಿಸಬಹುದು. ಇನ್ನೊಂದು, ದೋಷದ ಸಂಕೇತ ತೋರಿಸುವ ಎರಡಂಕಿಯ ಪರದೆ. ರ‍್ಯಾಮ್ ದೋಷವೋ ಗ್ರಾಫಿಕ್ಸ್ ದೋಷವೋ ಎಂಬುದು ಮನೆಯಲ್ಲೇ ತಿಳಿದರೆ ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಸುಮ್ಮನೆ ಓಡಾಡುವುದು ತಪ್ಪುತ್ತದೆ. ಎಎಂ5 ಬೋರ್ಡ್ ಮೊದಲ ಸಲ ಚಾಲೂ ಆದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ಸ್ವಿಚ್ ಆರಿಸಬಾರದು.

ಕರೆಂಟಿನ ವಿಷಯದಲ್ಲಿ ಬೋರ್ಡ್ ಒಂದೇ ಕಾಯಲಾರದು. ಆರ್‌ಟಿಎಕ್ಸ್ 5090 ಕಾರ್ಡ್ ಒಂದೇ 575 ವಾಟ್‌ವರೆಗೆ ಎಳೆಯುತ್ತದೆ. ಅಂಥ ಕಂಪ್ಯೂಟರ್‌ಗೆ 1 ಕೆವಿಎ ಯುಪಿಎಸ್ ಸಾಲದು, 2 ಕೆವಿಎ ಆನ್‌ಲೈನ್ ಯುಪಿಎಸ್ ಮತ್ತು ಸರಿಯಾದ ಅರ್ತಿಂಗ್ ಬೇಕು. ಅನಿಮೇಷನ್ನನ್ನು ಒಂದೇ ವಿಡಿಯೊ ಫೈಲ್ ಆಗಿ ಅಲ್ಲದೆ ಬಿಡಿ ಚಿತ್ರಗಳ ಸಾಲಾಗಿ ರೆಂಡರ್ ಮಾಡಿದರೆ, ನಡುವೆ ಕರೆಂಟ್ ಹೋದರೂ ಆಗಿರುವಷ್ಟು ಉಳಿಯುತ್ತದೆ.

ಕೊಳ್ಳುವಾಗ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಬೇಕು. ಎಎಂ5, ಎಲ್‌ಜಿಎ 1851 ಎರಡರಲ್ಲೂ ಪಿನ್‌ಗಳಿರುವುದು ಸಾಕೆಟ್‌ನಲ್ಲಿ, ಕೂದಲೆಳೆಯಷ್ಟು ತೆಳ್ಳಗೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಬಾಗಿದ ಪಿನ್ ಬೇರೆ ಥರ ಹೊಳೆದು ತನ್ನನ್ನೇ ತೋರಿಸಿಕೊಡುತ್ತದೆ. ಹಾಗೆ ನೋಡಿದ್ದರ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಬಾಗಿದ ಪಿನ್‌ಗೆ ವಾರಂಟಿ ಸಿಗುವುದಿಲ್ಲ. ಜಿಎಸ್‌ಟಿ ಬಿಲ್‌ನಲ್ಲಿ ಬೋರ್ಡ್‌ನ ಸೀರಿಯಲ್ ನಂಬರ್ ಬರೆಸಿಕೊಂಡು, ಸಾಕೆಟ್‌ನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನೂ ಪೆಟ್ಟಿಗೆಯನ್ನೂ ವಾರಂಟಿ ಮುಗಿಯುವವರೆಗೆ ಎಸೆಯದೆ ಇಡಿ. ವಾಪಸ್ ಕಳಿಸುವ ದಿನ ಬಂದರೆ ಮೊದಲು ಕೇಳುವುದು ಅವನ್ನೇ.